ಬಾಸ್ಕೆಟ್‌ಬಾಲ್ ಅಂಕಿಅಂಶ, ಶಾಟ್ ಚಾರ್ಟ್: ಡೇಟಾ ವಿಶ್ಲೇಷಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾರ್ಥಿನಿ, ಕುಂಬಳೆ): ನಮಸ್ಕಾರ ಸರ್. ನಾನು ಬಿ.ಎಸ್ಸಿ. ಸಂಖ್ಯಾಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಬಾಸ್ಕೆಟ್‌ಬಾಲ್ ಆರಿಸಿಕೊಂಡು, ಪಂದ್ಯಕ್ಕೆ ಎಷ್ಟು ಪಾಯಿಂಟ್ ಎಂಬ ಲೆಕ್ಕದಲ್ಲಿ ಮೊದಲ 20 ಆಟಗಾರರ ಬಾರ್ ಚಾರ್ಟ್ ಮಾಡಿದೆ. ಗೈಡ್ ನೋಡಿ, “ಚಾರ್ಟ್ ಚೆನ್ನಾಗುಂಟು, ಆದರೆ ಇದರಿಂದ ಗೊತ್ತಾದದ್ದು ಎಂಥದ್ದು?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲಿಂದ ಶುರು ಮಾಡಲಿ? ಲ್ಯಾಪ್‌ಟಾಪ್ ಸಾಧಾರಣದ್ದು, ಪೈಥಾನ್ ಅಲ್ಪಸ್ವಲ್ಪ ಬರುತ್ತದೆ.

ಉತ್ತರ: ನಿಮ್ಮ ಗೈಡ್ ಕೇಳಬೇಕಾದ್ದನ್ನೇ ಕೇಳಿದ್ದಾರೆ. ಪಂದ್ಯಕ್ಕೆ ಇಷ್ಟು ಪಾಯಿಂಟ್ ಎಂಬ ಸಂಖ್ಯೆಯೊಳಗೆ ಮೂರು ನಾಲ್ಕು ವಿಷಯಗಳು ಬೆರೆತುಹೋಗಿರುತ್ತವೆ: ಎಷ್ಟು ಹೊತ್ತು ಆಡಿದ, ತಂಡ ಎಷ್ಟು ವೇಗವಾಗಿ ಆಡಿತು, ಎಷ್ಟು ಎಸೆದ, ಎಷ್ಟು ಬಿತ್ತು. ವಿಲ್ಟ್ ಚೇಂಬರ್ಲೇನ್ 1961-62ರಲ್ಲಿ ಪಂದ್ಯಕ್ಕೆ 50.4 ಪಾಯಿಂಟ್ ಗಳಿಸಿದರು. ಆದರೆ ಆ ವರ್ಷ ಅವರು ಪಂದ್ಯಕ್ಕೆ ಸರಾಸರಿ 48.5 ನಿಮಿಷ ಅಂಗಣದಲ್ಲಿದ್ದರು. ಪಂದ್ಯ ಇರುವುದೇ 48 ನಿಮಿಷ, ಉಳಿದದ್ದು ಓವರ್‌ಟೈಮ್. ಆಗ ಒಂದು ತಂಡ ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ ಬುಟ್ಟಿಗೆ ಎಸೆಯುತ್ತಿತ್ತು, ಈಗ ತೊಂಬತ್ತರ ಆಸುಪಾಸು. ಚೇಂಬರ್ಲೇನರ ದೊಡ್ಡತನ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಆ 50.4ನ್ನು ಇಂದಿನ ಆಟಗಾರನ ಬಾರಿನ ಪಕ್ಕ ನಿಲ್ಲಿಸಿದರೆ ಚಿತ್ರ ತಪ್ಪು ಹೇಳುತ್ತದೆ. ಅದಕ್ಕೇ ವೃತ್ತಿಯಲ್ಲಿರುವವರು ಪಂದ್ಯ ಬಿಟ್ಟು ‘ಪೊಸೆಷನ್’ ಲೆಕ್ಕ ಹಿಡಿಯುತ್ತಾರೆ, ಅಂದರೆ ಚೆಂಡು ನಮ್ಮ ಕೈಗೆ ಬಂದ ಪ್ರತಿ ಸರದಿ. ಬಾಕ್ಸ್ ಸ್ಕೋರಿನಿಂದಲೇ, ಅಂದರೆ ಪಂದ್ಯದ ಅಂಕಿಅಂಶದ ಪಟ್ಟಿಯಿಂದಲೇ, ಅಂದಾಜು ಮಾಡಬಹುದು: ಎಸೆತಗಳು, ಕಳೆ ಆಫೆನ್ಸಿವ್ ರಿಬೌಂಡ್ (ತಪ್ಪಿದ ತಮ್ಮದೇ ಎಸೆತದ ಚೆಂಡನ್ನು ಮತ್ತೆ ಹಿಡಿದದ್ದು), ಕೂಡು ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು), ಕೂಡು ಫ್ರೀ ಥ್ರೋಗಳ (ಫೌಲಿಗೆ ಸಿಗುವ ಉಚಿತ ಎಸೆತ) 0.44 ಪಾಲು.

ಪ್ರಾಜೆಕ್ಟಿಗೆ ನನ್ನ ಸಲಹೆ: ‘ಯಾರು ಶ್ರೇಷ್ಠ’ ಎಂಬುದನ್ನು ಬಿಡಿ. ‘ಎಲ್ಲಿಂದ ಎಸೆದರೆ ಎಷ್ಟು ಪಾಯಿಂಟ್ ಸಿಗುತ್ತದೆ’ ಎಂಬ ಸಣ್ಣ ಪ್ರಶ್ನೆ ಹಿಡಿಯಿರಿ. ಇದಕ್ಕೆ ಡೇಟಾ ಹಂಚಿಕೊಳ್ಳುವ ಜಾಲತಾಣ ಕ್ಯಾಗಲ್‌ನಲ್ಲಿ ಕೋಬಿ ಬ್ರಯಂಟ್ ಅವರ ಇಡೀ ವೃತ್ತಿಜೀವನದ ಎಸೆತಗಳ ಫೈಲು ಉಂಟು, 30,697 ಸಾಲು. ಸಾಧಾರಣ ಲ್ಯಾಪ್‌ಟಾಪಿಗೆ ಏನೂ ಭಾರವಲ್ಲ. ಪ್ರತಿ ಸಾಲಿನಲ್ಲಿ ಎಸೆದ ಜಾಗ, ಉಳಿದ ಸಮಯ, ಎದುರಾಳಿ ತಂಡ, ಬಿತ್ತೋ ಇಲ್ಲವೋ ಎಲ್ಲ ಇದೆ. ಒಂದು ಎಚ್ಚರಿಕೆ: ಅದು ಸ್ಪರ್ಧೆಗೆಂದು ಕೊಟ್ಟ ಫೈಲಾದ್ದರಿಂದ 5,000 ಸಾಲುಗಳಲ್ಲಿ ‘ಬಿತ್ತೋ ಇಲ್ಲವೋ’ ಅಂಕಣವನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಖಾಲಿಯನ್ನು ಸೊನ್ನೆ ಎಂದು ತುಂಬಿಸಿದರೆ ಕೋಬಿಯ ಯಶಸ್ಸು ಶೇ. 45ರ ಹತ್ತಿರದಿಂದ 37ಕ್ಕೆ ಕುಸಿಯುತ್ತದೆ. ಚಿತ್ರ ಬಿಡಿಸುವ ಮೊದಲು ಪ್ರತಿ ಅಂಕಣದಲ್ಲಿ ಎಷ್ಟು ಖಾಲಿ ಇದೆ ಎಂದು ಎಣಿಸಿ. ನನ್ನ ಕೆಲಸದ ಅರ್ಧ ದಿನ ಹೋಗುವುದೇ ಇದರಲ್ಲಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಫೈಲು ಸಿಕ್ಕಿತು ಸರ್. ಬಿದ್ದ ಎಸೆತಕ್ಕೆ ಹಸಿರು ಚುಕ್ಕೆ, ಬೀಳದ್ದಕ್ಕೆ ಕೆಂಪು ಚುಕ್ಕೆ ಹಾಕಿದೆ. ಇಡೀ ಅಂಗಣ ಚುಕ್ಕೆಗಳಿಂದ ಮುಚ್ಚಿಹೋಯಿತು, ಏನೂ ಕಾಣುವುದಿಲ್ಲ.

ಉತ್ತರ: ಎಲ್ಲರಿಗೂ ಮೊದಲ ಸಲ ಹಾಗೇ ಬರುವುದು. 25 ಸಾವಿರ ಚುಕ್ಕೆ ಒಂದರ ಮೇಲೊಂದು ಕೂತರೆ ಕಣ್ಣಿಗೆ ಸಿಗುವುದು ಬಣ್ಣದ ರಾಶಿ ಮಾತ್ರ. ಇದಕ್ಕೆ ಒಳ್ಳೆಯ ದಾರಿ ತೋರಿಸಿದವರಲ್ಲಿ ಕರ್ಕ್ ಗೋಲ್ಡ್ಸ್‌ಬೆರಿ ಮುಖ್ಯರು. ಮೂಲತಃ ಭೂಗೋಳಶಾಸ್ತ್ರದವರು, ನಕ್ಷೆ ಬಿಡಿಸುವುದು ಅವರ ವಿದ್ಯೆ. ಬಾಸ್ಕೆಟ್‌ಬಾಲ್ ಅಂಗಣವನ್ನೂ ಒಂದು ಪ್ರದೇಶದಂತೆ ಕಂಡು, 2012ರಲ್ಲಿ ಕ್ರೀಡಾ ಅಂಕಿಅಂಶಗಳ ಎಂಐಟಿ ಸ್ಲೋನ್ ಸಮ್ಮೇಳನದಲ್ಲಿ ತಮ್ಮ ಶಾಟ್ ನಕ್ಷೆಗಳನ್ನು ಮಂಡಿಸಿದರು. ಆಮೇಲೆ ಜನಪ್ರಿಯವಾದ ಶೈಲಿಯಲ್ಲಿ ಅಂಗಣವನ್ನು ಸಣ್ಣ ಷಡ್ಭುಜಗಳಾಗಿ ವಿಭಾಗಿಸುತ್ತಾರೆ. ಷಡ್ಭುಜದ ಗಾತ್ರ ಅಲ್ಲಿಂದ ಎಷ್ಟು ಸಲ ಎಸೆದ ಎಂಬುದನ್ನು ಹೇಳುತ್ತದೆ, ಬಣ್ಣ ಎಷ್ಟು ಫಲ ಬಂತು ಎಂಬುದನ್ನು. ಪೈಥಾನಿನಲ್ಲಿ ಚಾರ್ಟ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಹೆಕ್ಸ್‌ಬಿನ್ ಎಂಬ ಸೌಲಭ್ಯ ತಯಾರೇ ಇದೆ. ಅದು ಬಣ್ಣ ಮಾತ್ರ ಬದಲಿಸುತ್ತದೆ. ಗಾತ್ರವೂ ಬದಲಾಗಬೇಕಾದರೆ ಪ್ರತಿ ಷಡ್ಭುಜದ ಕೇಂದ್ರ ಮತ್ತು ಎಣಿಕೆಯನ್ನು ಹೊರತೆಗೆದು ನೀವೇ ಬಿಡಿಸಬೇಕು.

ಕೆಂಪು-ಹಸಿರು ಜೋಡಿ ಬೇಡ. ಆ ಎರಡು ಬಣ್ಣಗಳನ್ನು ಬೇರ್ಪಡಿಸಿ ನೋಡಲಾಗದವರು ನಮ್ಮ ನಡುವೆ ಬೇಕಾದಷ್ಟು ಇದ್ದಾರೆ, ವಿಶೇಷವಾಗಿ ಗಂಡಸರಲ್ಲಿ. ನೀಲಿ-ಕಿತ್ತಳೆ ಇಡಿ.

ಇನ್ನು ಬಣ್ಣಕ್ಕೆ ಯಾವ ಸಂಖ್ಯೆ? ಬರೇ ಶೇಕಡಾವಾರು ಸಾಲದು. ಎರಡು ಪಾಯಿಂಟಿನ ಎಸೆತವನ್ನೂ ಮೂರು ಪಾಯಿಂಟಿನದನ್ನೂ ಒಂದೇ ಎಂದು ಎಣಿಸುವುದು, ಹಸಿ ಅಡಿಕೆಗೂ ಒಣಗಿಸಿದ ಚಾಲಿಗೂ ಒಂದೇ ಕ್ರಯ ಕಟ್ಟಿದ ಹಾಗೆ. ಮೂರು ಪಾಯಿಂಟಿನ ರೇಖೆಯ ಒಳಗೆ ಬುಟ್ಟಿಯಿಂದ ಸ್ವಲ್ಪ ದೂರ ನಿಂತು ಶೇ. 42 ಹಾಕುವವನಿಗೆ ಎಸೆತಕ್ಕೆ 0.84 ಪಾಯಿಂಟ್. ರೇಖೆಯ ಹೊರಗಿಂದ ಶೇ. 36 ಹಾಕುವವನಿಗೆ 1.08. ಬುಟ್ಟಿಯ ಬುಡದಲ್ಲಿ ಶೇ. 65 ಬಿದ್ದರೆ 1.30. ಹಾಗಾಗಿ ಬಣ್ಣಕ್ಕೆ ‘ಎಸೆತಕ್ಕೆ ಎಷ್ಟು ಪಾಯಿಂಟ್’ ಎಂಬುದನ್ನೇ ಇಡಿ. ಎನ್‌ಬಿಎಯಲ್ಲಿ ಮೂರು ಪಾಯಿಂಟಿನ ರೇಖೆ ಎದುರಿನಿಂದ 7.24 ಮೀಟರ್, ಮೂಲೆಗಳಲ್ಲಿ 6.71 ಮೀಟರ್. ಮೂಲೆಯಲ್ಲಿ ಅರ್ಧ ಮೀಟರ್ ಹತ್ತಿರ, ಪಾಯಿಂಟ್ ಮಾತ್ರ ಅಷ್ಟೇ. ಇಡೀ ಲೀಗಿನ ಒಂದು ಸೀಸನ್ ತೆಗೆದುಕೊಂಡು, ಅಂದರೆ ಎರಡು ಲಕ್ಷಕ್ಕೂ ಮಿಕ್ಕಿದ ಎಸೆತ, ಈ ಬಣ್ಣ ಹಾಕಿ ನೋಡಿ. ಬುಟ್ಟಿಯ ಬುಡ ಮತ್ತು ಎರಡೂ ಮೂಲೆಗಳು ಎದ್ದು ಕಾಣುತ್ತವೆ. ನನಗೆ ಈ ಕೆಲಸದಲ್ಲಿ ತುಂಬ ಖುಷಿ ಕೊಡುವ ಚಿತ್ರ ಅದು.

ಪ್ರಶ್ನೆ (ದೈಹಿಕ ಶಿಕ್ಷಣ ಶಿಕ್ಷಕಿ, ಬದಿಯಡ್ಕ ಹತ್ತಿರ): ನಮ್ಮ ಶಾಲೆಯಲ್ಲಿ ಹುಡುಗಿಯರ ತಂಡ ಉಂಟು. ಸಂಜೆ ಅಭ್ಯಾಸಕ್ಕೆ ಬಂದರೆ ಎಲ್ಲರೂ ಮೊಬೈಲಿನಲ್ಲಿ ನೋಡಿದ ಹಾಗೆ ದೂರದಿಂದಲೇ ಎಸೆಯುತ್ತಾರೆ. ಲೆಕ್ಕವೂ ಅದನ್ನೇ ಹೇಳುತ್ತದೆ ಎಂದಾದರೆ ನಾನು ಬೇಡ ಎನ್ನುವುದು ಹೇಗೆ? ನಮ್ಮಲ್ಲಿ ಕ್ಯಾಮೆರಾ, ಕಂಪ್ಯೂಟರ್ ಏನೂ ಇಲ್ಲ.

ಉತ್ತರ: ಮೇಡಂ, ಮೇಲೆ ಹೇಳಿದ್ದು ಅಲ್ಲಿನ ವೃತ್ತಿಪರ ಆಟಗಾರರ ಲೆಕ್ಕ. ನಿಮ್ಮ ಮಕ್ಕಳ ಲೆಕ್ಕ ಬೇರೆ ಇರುತ್ತದೆ, ಅದನ್ನು ನೀವೇ ತೆಗೆಯಬಹುದು. ಒಂದು ದೊಡ್ಡ ಕಾಗದದಲ್ಲಿ ಅರ್ಧ ಅಂಗಣ ಬಿಡಿಸಿ ಆರೇಳು ಭಾಗ ಮಾಡಿ: ಬುಟ್ಟಿಯ ಬುಡ, ಎಡ-ಬಲ-ನಡುವಿನ ಮಧ್ಯಮ ದೂರ, ರೇಖೆಯ ಹೊರಗೆ ಎದುರು, ಎರಡು ಮೂಲೆ. ಹೊರಗೆ ಕೂತ ಒಬ್ಬಳು ಹುಡುಗಿ ಪ್ರತಿ ಎಸೆತಕ್ಕೂ ಆ ಭಾಗದಲ್ಲಿ ಒಂದು ಗೆರೆ ಎಳೆಯಲಿ, ಬಿದ್ದರೆ ಗೆರೆಗೆ ಸುತ್ತು ಹಾಕಲಿ. ಆರಾಮಾಗಿ ಒಬ್ಬಳೇ ನಿಂತು ಎಸೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎದುರಿಗೆ ತಡೆಯುವವರಿದ್ದು ಆಡಿದ ಆಟದ್ದು ಮಾತ್ರ ಬರೆಯಿರಿ.

ಮಕ್ಕಳಿಗೆ ಅಂತರರಾಷ್ಟ್ರೀಯ ನಿಯಮದ ಮೂರು ಪಾಯಿಂಟಿನ ರೇಖೆಯಿಂದ, ಅಂದರೆ 6.75 ಮೀಟರ್ ದೂರದಿಂದ, ಶೇ. 15 ಬೀಳುತ್ತದೆ ಎಂದಿಟ್ಟುಕೊಳ್ಳಿ. ಎಸೆತಕ್ಕೆ 0.45 ಪಾಯಿಂಟ್. ಮಧ್ಯಮ ದೂರದಿಂದ ಶೇ. 30 ಬಿದ್ದರೆ 0.60. ಆಗ ಹತ್ತಿರದ ಎಸೆತವೇ ಲಾಭ. ನೀವು ಬೇಡ ಎಂದು ಗದರಿಸಬೇಕಾಗಿಲ್ಲ, ಅವರೇ ಬರೆದ ಕಾಗದವನ್ನು ಗೋಡೆಗೆ ಅಂಟಿಸಿ. ಕಾಗದದಲ್ಲಿ ಒಬ್ಬೊಬ್ಬಳ ಹೆಸರು ಮಾತ್ರ ಹಾಕಬೇಡಿ, ತಂಡದ ಒಟ್ಟು ಲೆಕ್ಕ ಸಾಕು. ಎಳೆಯ ಮಕ್ಕಳ ಶೇಕಡಾವಾರನ್ನು ಗೋಡೆಯ ಮೇಲೆ ನೇತುಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ (ಓದುಗರು, ಮುಳ್ಳೇರಿಯ): ಮೂಲೆಯಿಂದ 12 ಎಸೆತದಲ್ಲಿ 8 ಹಾಕಿದವನು ಶೇ. 67. ಇನ್ನೊಬ್ಬ 400ರಲ್ಲಿ 160, ಅಂದರೆ ಶೇ. 40. ಚಿತ್ರದಲ್ಲಿ ಮೊದಲನೆಯವನೇ ಮಿಂಚುತ್ತಾನಲ್ಲ?

ಉತ್ತರ: ಮಿಂಚುತ್ತಾನೆ, ಅದೇ ಅಪಾಯ. 12 ಎಸೆತ ಒಂದು ಒಳ್ಳೆಯ ಸಂಜೆಯ ಕಥೆ ಇರಬಹುದು. ಒಂದು ಸುಲಭ ಉಪಾಯ ಹೇಳುತ್ತೇನೆ. ಪ್ರತಿಯೊಬ್ಬನ ಲೆಕ್ಕಕ್ಕೂ ಲೀಗಿನ ಸರಾಸರಿಯ 100 ಎಸೆತ ಸೇರಿಸಿ, ಅಂದರೆ 100ರಲ್ಲಿ 36. ಮೊದಲನೆಯವನು 112ರಲ್ಲಿ 44 ಆಗಿ ಶೇ. 39.3ಕ್ಕೆ ಇಳಿಯುತ್ತಾನೆ. ಎರಡನೆಯವನು 500ರಲ್ಲಿ 196, ಶೇ. 39.2. ಅಲ್ಲಿಗೆ ಇಬ್ಬರೂ ಸಮ. 67 ಮತ್ತು 40ರ ನಡುವಿನ ಅಷ್ಟು ದೊಡ್ಡ ಅಂತರ, ಸಾಕ್ಷ್ಯ ಎಷ್ಟಿದೆ ಎಂದು ಕೇಳಿದ ಕೂಡಲೇ ಕರಗಿತು. ಎಷ್ಟು ಎಸೆತ ಸೇರಿಸಬೇಕು ಎಂಬುದನ್ನು ಡೇಟಾದಿಂದಲೇ ಅಂದಾಜಿಸಬೇಕು. 100 ಇಲ್ಲಿ ಉದಾಹರಣೆಗೆ ಮಾತ್ರ. ಸಂಖ್ಯಾಶಾಸ್ತ್ರ ಓದುವವರಿಗೆ ಇದು ಬೇಯ್ಸ್ ವಿಧಾನ ಎಂದು ಗೊತ್ತಾಗಿರುತ್ತದೆ.

ಪ್ರಶ್ನೆ (ಹಿರಿಯ ಆಟಗಾರರು, ಮಂಜೇಶ್ವರ): ನಾನು ಕಾಲೇಜು ದಿನಗಳಲ್ಲಿ ಆಡಿದವನು. ಈಗಿನ ಎನ್‌ಬಿಎ ನೋಡಿದರೆ ಬೇಸರವಾಗುತ್ತದೆ. ಓಡಿ ಬರುವುದು, ದೂರದಿಂದ ಎಸೆಯುವುದು, ಮುಗಿಯಿತು. ಆಟ ಹಾಳಾದದ್ದು ನಿಮ್ಮಂಥ ಲೆಕ್ಕದವರಿಂದ ಅಲ್ಲವೇ?

ಉತ್ತರ: ನಿಮ್ಮ ಬೇಸರದಲ್ಲಿ ನ್ಯಾಯ ಉಂಟು ಸರ್. ಎನ್‌ಬಿಎಗೆ ಆ ರೇಖೆ ಬಂದದ್ದು 1979-80ರಲ್ಲಿ. ಆಗ ಒಂದು ತಂಡ ಪಂದ್ಯಕ್ಕೆ ಮೂರು ಸಲವೂ ಹೊರಗಿಂದ ಎಸೆಯುತ್ತಿರಲಿಲ್ಲ. 2024-25ರಲ್ಲಿ 37 ದಾಟಿತು. ವರ್ಷವಾರು ಗೆರೆ ಎಳೆದರೆ 2012ರ ನಂತರ ಏರು ಕಡಿದಾಗಿರುವುದು ಕಾಣುತ್ತದೆ. 2013-14ರಿಂದ ಪ್ರತಿ ಅಂಗಣದಲ್ಲಿ ಕ್ಯಾಮೆರಾಗಳು ಆಟಗಾರರ ಜಾಗವನ್ನು ಸೆಕೆಂಡಿಗೆ 25 ಸಲ ದಾಖಲಿಸತೊಡಗಿದವು, 2015-16ರಲ್ಲಿ ಸ್ಟೀಫನ್ ಕರಿ ಒಂದೇ ಸೀಸನ್ನಿನಲ್ಲಿ 402 ಮೂರು-ಪಾಯಿಂಟರ್ ಹಾಕಿದರು. ಲೆಕ್ಕದವರ ಪಾಲೂ ಇದೆ, ಕರಿಯಂಥವರ ಕೈಚಳಕದ ಪಾಲೂ ಇದೆ.

ಆದರೆ ಸರಾಸರಿಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಉಂಟು. 2018ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಏಳನೇ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸತತ 27 ಮೂರು-ಪಾಯಿಂಟರ್ ತಪ್ಪಿಸಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಸೋತಿತು. ಪ್ರತಿ ಎಸೆತಕ್ಕೂ ಶೇ. 36 ಸಾಧ್ಯತೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಹಿಡಿದರೆ, ಒಂದರ ಹಿಂದೆ ಒಂದು 27 ತಪ್ಪುವ ಸಾಧ್ಯತೆ ಸುಮಾರು 1,70,000ಕ್ಕೆ ಒಂದು. ಅಷ್ಟು ಸಣ್ಣ ಸಂಖ್ಯೆ ಬಂದಾಗ ನಾನು ಅದೃಷ್ಟವನ್ನು ದೂರುವ ಮೊದಲು ನನ್ನ ಊಹೆಯನ್ನೇ ಅನುಮಾನಿಸುತ್ತೇನೆ. ರಾಕೆಟ್ಸ್‌ನ ಪ್ರಮುಖ ಆಟಗಾರ ಕ್ರಿಸ್ ಪಾಲ್ ಗಾಯಗೊಂಡು ಹೊರಗಿದ್ದರು, ಉಳಿದವರ ಕಾಲು ದಣಿದಿತ್ತು, ಎದುರು ಬಲವಾದ ರಕ್ಷಣೆ. ಶೇ. 36 ಎಂಬುದು ಆ ರಾತ್ರಿಗೆ ಅನ್ವಯಿಸುವ ಸಂಖ್ಯೆಯೇ ಆಗಿರಲಿಲ್ಲ. ಆಟಗಾರನ ಕಣ್ಣು ಬೇಕಾಗುವುದು ಇಲ್ಲಿ. ನಿಮ್ಮಂಥವರು ಪಕ್ಕದಲ್ಲಿ ಕೂತು ನೋಡಿದರೆ ನನ್ನ ಚಾರ್ಟ್ ಸುಧಾರಿಸುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ, ಕುಂಬಳೆ): ಕೊನೆಯದೊಂದು ಸರ್. ಪ್ರಾಜೆಕ್ಟ್ ವರದಿಯ ಒಂದು ಪ್ರತಿ ಕನ್ನಡದಲ್ಲೂ ಮಾಡಿ ನಮ್ಮ ಹಳೆಯ ಕನ್ನಡ ಮಾಧ್ಯಮ ಶಾಲೆಗೆ ಕೊಡಬೇಕೆಂದಿದ್ದೇನೆ. ಚಾರ್ಟಿನಲ್ಲಿ ‘ಎಸೆತ’ ಸರಿ ಬರುತ್ತದೆ, ‘ಬುಟ್ಟಿ’ ಬರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂರುತ್ತದೆ.

ಉತ್ತರ: ಖಂಡಿತ ಮಾಡಿ, ಗಡಿನಾಡಿನ ಮಕ್ಕಳಿಗೆ ಇಂಥದ್ದು ಕನ್ನಡದಲ್ಲಿ ಸಿಗುವುದೇ ಕಡಿಮೆ. ತೊಂದರೆ ಫಾಂಟಿನದ್ದಲ್ಲ. ನೀವು ಬಳಸುತ್ತಿರುವ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಿದೆ, ಒತ್ತು ಕೂಡಿಸುವ ನಿಯಮ ಅದಕ್ಕೆ ತಿಳಿದಿಲ್ಲ. ಸೆಟ್ಟಿಂಗಿನಲ್ಲಿ ಎಸ್‌ವಿಜಿ ಫಾಂಟ್‌ಟೈಪನ್ನು (svg.fonttype) ‘ನನ್’ (none) ಎಂದು ಕೊಟ್ಟು, ಚಿತ್ರವನ್ನು ಎಸ್‌ವಿಜಿ ಆಗಿ ಉಳಿಸಿ. ಆಗ ಪದಗಳು ಪದಗಳಾಗಿಯೇ ಉಳಿಯುತ್ತವೆ. ಬ್ರೌಸರಿನಲ್ಲಿ ತೆರೆದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಅಲ್ಲಿಂದ ಪಿಡಿಎಫ್ ಮಾಡಿ ಪ್ರಿಂಟ್ ತೆಗೆಯಬಹುದು. ಪೈಥಾನ್ ಬದಲು ಆರ್ (R) ಭಾಷೆ ಬಳಸುವುದಾದರೆ ‘ರಾಗ್’ (ragg) ಎಂಬ ಪ್ಯಾಕೇಜ್ ಈ ಜೋಡಣೆಯನ್ನು ತಾನೇ ಮಾಡುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಳ್ಳಿ, ಉಚಿತ. ಷಡ್ಭುಜದ ಚಿತ್ರ ತಯಾರಾದ ಮೇಲೆ ಇಲ್ಲೇ ಹಾಕಿ, ಬದಿಯಡ್ಕದ ಮೇಡಂ ಅವರ ಕಾಗದದ ಲೆಕ್ಕವೂ ಬಂದರೆ ಎರಡನ್ನೂ ಒಟ್ಟಿಗೆ ನೋಡೋಣ.