ಸಿಯಾಟಲ್ ಲಿಂಕ್ ರೈಲು: ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ಗೆ ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು?

ಮಲೆನಾಡು_ಮಳೆ:
ತಮ್ಮ ಸೆಪ್ಟೆಂಬರ್‌ನಲ್ಲಿ ಎಂಎಸ್‌ಗೆ ಹೋಗ್ತಿದ್ದಾನೆ. ರೂಮು ಬ್ರೂಕ್ಲಿನ್ ಅವೆನ್ಯೂ, 47ನೇ ಸ್ಟ್ರೀಟ್ ಹತ್ರ. ಎರಡು ದೊಡ್ಡ ಸೂಟ್‌ಕೇಸ್ ಇರತ್ತೆ. ಮ್ಯಾಪ್‌ನಲ್ಲಿ ಕ್ಯಾಂಪಸ್‌ಗೆ ಎರಡು ಸ್ಟೇಷನ್ ಕಾಣ್ತಿವೆ. ಹಳೇ ಬ್ಲಾಗ್ ಒಂದರಲ್ಲಿ ಸ್ಟೇಡಿಯಂ ಹತ್ರ ಇಳಿದು ಬಸ್ ಹಿಡೀರಿ ಅಂತಿದೆ. ಯಾವುದು ಸರಿ? ಟಿಕೆಟ್ ಹೇಗೆ?

ಉತ್ತರದ_ಹಳಿ:
ಆ ಬ್ಲಾಗ್ 2021ಕ್ಕಿಂತ ಹಿಂದಿನದು. 2016ರ ಮಾರ್ಚ್‌ನಲ್ಲಿ ಶುರುವಾದ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಸ್ಟೇಷನ್ ಐದೂವರೆ ವರ್ಷ ಕೊನೇ ಸ್ಟೇಷನ್ ಆಗಿತ್ತು, ಅದಕ್ಕೇ ಬಸ್ಸಿನ ಮಾತು. 2021ರ ಅಕ್ಟೋಬರ್ 2ಕ್ಕೆ ಮುಂದಿನ ಯು ಡಿಸ್ಟ್ರಿಕ್ಟ್ ಸ್ಟೇಷನ್ ತೆರೆಯಿತು. ನಿಮ್ಮ ತಮ್ಮ ಅಲ್ಲೇ ಇಳಿಯಲಿ. ಅದು ಬ್ರೂಕ್ಲಿನ್ ಅವೆನ್ಯೂ ಕೆಳಗೇ ಇದೆ. 45ನೇ ಸ್ಟ್ರೀಟ್ ಕಡೆಯ ದಾರಿಯಿಂದ ಮೇಲೆ ಬಂದು ಉತ್ತರಕ್ಕೆ ನಡೆದರೆ ಸಾಕು.

ಮೊದಲನೇ ಸ್ಟೇಷನ್ ಇರೋದು ಯೂನಿವರ್ಸಿಟಿಯ ಹಸ್ಕಿ ಸ್ಟೇಡಿಯಂ ಪಕ್ಕ, ಕ್ಯಾಂಪಸ್ಸಿನ ಆಗ್ನೇಯ ಮೂಲೆಯಲ್ಲಿ. ಮೆಡಿಕಲ್ ಸೆಂಟರ್‌ಗೆ ಅದೇ ಸರಿ. ಎಂಜಿನಿಯರಿಂಗ್ ಕಡೆಗೂ ಅದೇ ಹತ್ತಿರ: ಮಾಂಟ್‌ಲೇಕ್ ಬುಲೆವಾರ್ಡ್ ಮೇಲಿನ ಸೇತುವೆ ದಾಟಿ ರೇನಿಯರ್ ವಿಸ್ಟಾದ ಏರು ಹತ್ತಬೇಕು. ಕೈಬೀಸಿಕೊಂಡು ಹೋಗೋರಿಗೆ ಅದು ಚಂದದ ದಾರಿ, ಸೂಟ್‌ಕೇಸ್ ಎಳೆಯೋರಿಗಲ್ಲ.

ಟ್ಯಾಪ್_ಮಾಡಿ_ಹತ್ತಿ:
ವಿಮಾನ ನಿಲ್ದಾಣದಲ್ಲಿ ಪಾರ್ಕಿಂಗ್ ಕಟ್ಟಡದ 4ನೇ ಮಹಡಿಗೆ ಸೇತುವೆ ದಾಟಿ ಹೋಗಿ ಲಿಂಕ್ ಬೋರ್ಡ್ ಹಿಡಿದು ನಡೆಯಬೇಕು. ಸ್ವಲ್ಪ ದೂರವೇ ಇದೆ, ಆದರೆ ನೆಲ ಸಮತಟ್ಟು. ಪ್ಲಾಟ್‌ಫಾರ್ಮ್ ಒಂದೇ, ಎರಡು ಪಕ್ಕಕ್ಕೂ ರೈಲು ಬರತ್ತೆ. ಹೊಸಬರು ಎಡವೋದು ಇಲ್ಲೇ. "ಲಿನ್‌ವುಡ್" ಅಂತ ಬರೆದಿರೋ ರೈಲನ್ನೇ ಹತ್ತಬೇಕು. ಫೆಡರಲ್ ವೇ ಅಂದರೆ ದಕ್ಷಿಣಕ್ಕೆ, ಉಲ್ಟಾ ದಿಕ್ಕು. ಯು ಡಿಸ್ಟ್ರಿಕ್ಟ್‌ಗೆ ಮುಕ್ಕಾಲು ಗಂಟೆ ಹಿಡಿಯತ್ತೆ.

2024ರ ಆಗಸ್ಟ್ ಕೊನೆಯಿಂದ ದೊಡ್ಡವರಿಗೆ ಎಲ್ಲಿಂದ ಎಲ್ಲಿಗಾದರೂ 3 ಡಾಲರ್. ಮೆಷಿನ್‌ನಲ್ಲಿ ಕಾಗದದ ಟಿಕೆಟ್ ಸಿಗತ್ತೆ, ಆದರೆ ಓರ್ಕಾ ಕಾರ್ಡ್ (ದುಡ್ಡು ತುಂಬಿಸಿ ರೈಲಿಗೂ ಬಸ್ಸಿಗೂ ಟ್ಯಾಪ್ ಮಾಡೋ ಕಾರ್ಡ್) ಒಳ್ಳೇದು: ಎರಡು ಗಂಟೆಯೊಳಗೆ ಬಸ್ ಹತ್ತಿದರೆ ಈ ದುಡ್ಡು ಅದಕ್ಕೂ ಲೆಕ್ಕಕ್ಕೆ ಬರತ್ತೆ, ಕಾಗದದ ಟಿಕೆಟ್‌ಗೆ ಆ ಸೌಲಭ್ಯ ಇಲ್ಲ. ನಮ್ಮ ಮೆಟ್ರೋ ಥರ ಗೇಟ್ ಇರಲ್ಲ, ರೀಡರ್ ಕಂಬ ಮಾತ್ರ. ಹತ್ತೋ ಮುಂಚೆ ಟ್ಯಾಪ್ ಮಾಡೋದು ಮರೆತೀರಿ, ರೈಲಿನಲ್ಲಿ ತಪಾಸಣೆ ಇರತ್ತೆ. ಇಳಿಯುವಾಗ ಟ್ಯಾಪ್ ಬೇಡ.

ಮಲೆನಾಡು_ಮಳೆ:
ಸೂಟ್‌ಕೇಸ್ ಇಟ್ಕೊಂಡು ಎಸ್ಕಲೇಟರ್ ಹತ್ತಬಹುದಾ? ಕಾಲೇಜು ಕಾರ್ಡ್‌ನಲ್ಲೇ ಓಡಾಡಬಹುದು ಅಂತಲೂ ಕೇಳಿದೆ.

ಉತ್ತರದ_ಹಳಿ:
ಬೇಡ, ಲಿಫ್ಟೇ ಹಿಡೀಲಿ. ಎರಡೂ ನೆಲದಾಳದ ಸ್ಟೇಷನ್, ಸ್ಟೇಡಿಯಂ ಹತ್ರದ್ದು ಸುಮಾರು 95 ಅಡಿ ಕೆಳಗಿದೆ. ಅಲ್ಲಿ 2018ರ ಮಾರ್ಚ್‌ನಲ್ಲಿ ಎಸ್ಕಲೇಟರ್ ಕೈಕೊಟ್ಟು ಜನ ಲಿಫ್ಟ್‌ಗೆ ಉದ್ದಕ್ಕೆ ಕ್ಯೂ ನಿಲ್ಲಬೇಕಾಯಿತು. ತುರ್ತು ಮೆಟ್ಟಿಲನ್ನು ಎಲ್ಲರಿಗೂ ಬಿಟ್ಟಿದ್ದು ಆಮೇಲೆಯೇ. ಇಷ್ಟು ಆಳದ ಸ್ಟೇಷನ್‌ಗೆ ಮೆಟ್ಟಿಲು ಮೊದಲ ದಿನದಿಂದಲೇ ತೆರೆದಿರಬೇಕಿತ್ತು.

ಹಸ್ಕಿ ಕಾರ್ಡ್ ಅಂದರೆ ಯೂನಿವರ್ಸಿಟಿಯ ಐಡಿ ಕಾರ್ಡ್. ಅದರಲ್ಲಿ ಯು-ಪಾಸ್ (ವಿದ್ಯಾರ್ಥಿಗಳ ಪ್ರಯಾಣದ ಪಾಸ್) ಸೇರಿರತ್ತೆ, ರೈಲಿಗೂ ಬಸ್ಸಿಗೂ ಅದನ್ನೇ ಟ್ಯಾಪ್ ಮಾಡೋದು. ಆದರೆ ಬಂದಿಳಿದ ದಿನ ಕಾರ್ಡ್ ಕೈಯಲ್ಲಿರಲ್ಲ, ಅವತ್ತಿಗೆ ಟಿಕೆಟ್ ಬೇಕೇ ಬೇಕು.

ಟ್ಯಾಪ್_ಮಾಡಿ_ಹತ್ತಿ:
ಇನ್ನೊಂದು: ಶನಿವಾರ ಬಂದಿಳಿದರೆ ಹಸ್ಕಿ ಫುಟ್‌ಬಾಲ್ ಮ್ಯಾಚ್ ಇದೆಯಾ ನೋಡಿಕೊಳ್ಳಿ. ಮ್ಯಾಚ್ ಶುರುವಾಗೋ ಮುಂಚೆ ಉತ್ತರಕ್ಕೆ ಹೋಗೋ ರೈಲು ಸ್ಟೇಡಿಯಂ ತನಕ ಕಿಕ್ಕಿರಿದಿರತ್ತೆ. ಒಂದೆರಡು ರೈಲು ಬಿಟ್ಟರೂ ಪರವಾಗಿಲ್ಲ, ಹಗಲಲ್ಲಿ ಎಂಟ್ಹತ್ತು ನಿಮಿಷಕ್ಕೊಂದು ಬರತ್ತೆ.