ಲೇಸರ್‌ನಲ್ಲಿ ಕೆತ್ತಿದ ಅಕ್ರಿಲಿಕ್ ಚಿಪ್: ಆಲ್ಕೋಹಾಲ್ ತಾಗಿದರೆ ಬಿರುಕು

ಚಾನೆಲ್_ಹುಡುಗ:
ಜೀವಕೋಶ ಬೆಳೆಸೋಕೆ ಮೈಕ್ರೋಫ್ಲೂಯಿಡಿಕ್ ಚಿಪ್ (ತೀರಾ ಸಣ್ಣ ಕಾಲುವೆ, ಅಂದರೆ ಚಾನೆಲ್‌ಗಳಲ್ಲಿ ದ್ರವ ಹರಿಸುವ ಪ್ಲಾಸ್ಟಿಕ್ ತುಂಡು) ಮಾಡ್ತಿದ್ದೇನೆ. 3 ಮಿ.ಮೀ. ಅಕ್ರಿಲಿಕ್, 40 ವ್ಯಾಟ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಕೆತ್ತಿದಾಗ ಚೆನ್ನಾಗಿಯೇ ಇರುತ್ತದೆ. 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಕು, ಚಾನೆಲ್ ಪಕ್ಕದಲ್ಲೆಲ್ಲ ಕೂದಲೆಳೆಯಂಥ ಬಿರುಕು. ಬಣ್ಣದ ನೀರು ಬಿಟ್ಟರೆ ಅದರೊಳಗೇ ಹರಿಯುತ್ತದೆ. ಶೀಟೇ ಕಳಪೆಯಾ?

ವರ್ಕ್‌ಶಾಪ್_ಮಾಮ:
ಪವರ್ ಕಡಿಮೆ ಮಾಡಿ, ಸ್ಪೀಡ್ ಜಾಸ್ತಿ ಮಾಡಿ. ಸರಿಹೋಗುತ್ತದೆ.

ಚಾನೆಲ್_ಹುಡುಗ:
ಮಾಡಿ ನೋಡಿದೆ ಸರ್. ಬಿರುಕು ಸ್ವಲ್ಪ ಕಡಿಮೆ, ಆದರೆ ಹೋಗಿಲ್ಲ.

ಪಾಲಿಮರ್_ಪಡಸಾಲೆ:
ಶೀಟನ್ನು ಬೈಯಬೇಡಿ. ಲೇಸರ್ ಹೋದ ಜಾಗ ಕರಗಿ ಆವಿಯಾಗುತ್ತದೆ. ಅದರ ಅಂಚು ಬಿಸಿಯಾಗಿ ಮೆತ್ತಗಾಗಿ, ಆಮೇಲೆ ಆರುವಾಗ ಕುಗ್ಗಬೇಕು. ಸುತ್ತಲಿನ ತಣ್ಣಗಿನ ಪ್ಲಾಸ್ಟಿಕ್ ಕುಗ್ಗಲು ಬಿಡುವುದಿಲ್ಲ. ಹಾಗಾಗಿ ಅಂಚಿನಲ್ಲಿ ಎಳೆತ ಉಳಿದುಬಿಡುತ್ತದೆ. ಕಣ್ಣಿಗೆ ಕಾಣದು. ಆಲ್ಕೋಹಾಲ್ ಒಳಗಿಳಿದ ಕೂಡಲೇ ಅಲ್ಲೇ ಸೀಳುತ್ತದೆ. ಪವರ್ ಇಳಿಸಿದರೆ ಎಳೆತ ಕಡಿಮೆಯಾಗಬಹುದು, ಪೂರ್ತಿ ಹೋಗಲ್ಲ.

ಕೆತ್ತಿದ ಮೇಲೆ ಸೋಪು ನೀರಲ್ಲಿ ಮಾತ್ರ ತೊಳೆಯಿರಿ. ಒಣಗಿಸಿ, ಸಮತಟ್ಟಾದ ಗಾಜಿನ ಮೇಲಿಟ್ಟು ಓವನ್‌ನಲ್ಲಿ 80 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಬಿಡಿ. ಆಮೇಲೆ ಓವನ್ ಆಫ್ ಮಾಡಿ, ಬಾಗಿಲು ತೆಗೆಯದೆ ಅಲ್ಲೇ ಆರಲಿ. ಅವಸರ ಮಾಡಿ ಹೊರಗೆ ತೆಗೆದರೆ ಎಳೆತ ಮತ್ತೆ ಬರುತ್ತದೆ, ಸುಮ್ನೆ ಕರೆಂಟ್ ದಂಡ. ಅಕ್ರಿಲಿಕ್ ಸುಮಾರು 105 ಡಿಗ್ರಿಗೆ ಮೆತ್ತಗಾಗುತ್ತದೆ, ಅದರ ಹತ್ತಿರ ಹೋಗಬೇಡಿ. ಅಂದ ಹಾಗೆ ನಿಮ್ಮದು ಕಾಸ್ಟ್ ಶೀಟಾ (ಅಚ್ಚಿಗೆ ಹೊಯ್ದದ್ದು), ಎಕ್ಸ್‌ಟ್ರೂಡೆಡ್ಡಾ (ಯಂತ್ರದಿಂದ ಒತ್ತಿ ತೆಗೆದದ್ದು)?

ಚಾನೆಲ್_ಹುಡುಗ:
ಅಂಗಡಿಯವರಿಗೂ ಗೊತ್ತಿಲ್ವಂತೆ.

ಪಾಲಿಮರ್_ಪಡಸಾಲೆ:
ಹಾಗಿದ್ದರೆ 70–75 ಸಾಕು, ಎಕ್ಸ್‌ಟ್ರೂಡೆಡ್ ಬೇಗ ಸೊಟ್ಟಗಾಗುತ್ತದೆ. ಮೊದಲು ಒಂದು ಚೂರು ತುಂಡಿನಲ್ಲಿ ನೋಡಿ. ಮುಂದಿನ ಸಲ ಕಾಸ್ಟ್ ಅಂತಲೇ ಕೇಳಿ ತನ್ನಿ.

ಚಾನೆಲ್_ಹುಡುಗ:
ಬಿರುಕು ಮಾಯ! ಆದರೆ ಮುಚ್ಚಳ ಅಂಟಿಸಿದ ಮೇಲೆ ಚಾನೆಲ್ ತಿರುಗುವ ಕಡೆ ಸೋರುತ್ತಿದೆ.

ಪಾಲಿಮರ್_ಪಡಸಾಲೆ:
ಅಂಚನ್ನು ಉಗುರಲ್ಲಿ ಸವರಿ ನೋಡಿ. ಕರಗಿದ ಪ್ಲಾಸ್ಟಿಕ್ ಅಲ್ಲಿ ಏರಿಯಂತೆ ಗಟ್ಟಿಯಾಗಿರುತ್ತದೆ, ಮುಚ್ಚಳ ಅದರ ಮೇಲೆ ಕೂತಿರುತ್ತದೆ. ತಿರುವಿನಲ್ಲಿ ಯಂತ್ರ ನಿಧಾನವಾಗುವುದರಿಂದ ಅಲ್ಲೇ ಜಾಸ್ತಿ. ಒಂದೇ ಸಲ ಆಳಕ್ಕೆ ಕೆತ್ತುವ ಬದಲು ಕಡಿಮೆ ಪವರ್‌ನಲ್ಲಿ ಹಲವು ಸಲ ಓಡಿಸಿ. ಉಳಿದದ್ದನ್ನು ನೀರು ಹಾಕಿ ನುಣುಪು ಮರಳು ಕಾಗದದಲ್ಲಿ ಹಗುರಾಗಿ ಉಜ್ಜಿ, ಚೆನ್ನಾಗಿ ತೊಳೆದು, ಆಮೇಲೆ ಓವನ್‌ಗಿಡಿ.

ವರ್ಕ್‌ಶಾಪ್_ಮಾಮ:
ಕ್ರಿಮಿ ಸಾಯಿಸೋಕೆ ಆಟೋಕ್ಲೇವ್‌ಗೆ (ಒತ್ತಡದ ಹಬೆಯ ಯಂತ್ರ) ಹಾಕಬಹುದಲ್ವಾ?

ಪಾಲಿಮರ್_ಪಡಸಾಲೆ:
ಬೇಡವೇ ಬೇಡ. ಅದು 121 ಡಿಗ್ರಿ, ಚಿಪ್ ಹಪ್ಪಳವಾಗುತ್ತದೆ. ಮುಚ್ಚಳ ಅಂಟಿಸುವ ಮೊದಲೇ ಯುವಿ ದೀಪದಡಿ ಎರಡೂ ಮಗ್ಗುಲು ಇಡಿ. ಆಲ್ಕೋಹಾಲ್ ಬೇಕೇ ಬೇಕೆಂದರೆ ಬೇಗ ಹರಿಸಿ ತೆಗೆಯಿರಿ, ನೆನೆಹಾಕಬೇಡಿ.