ಸೇಂಟ್ ಕಿಲ್ಡಾ ದ್ವೀಪದ ಪಾದ್ರಿ ಮೆಕೇ ಅಷ್ಟು ಕೆಟ್ಟವರಾ?

ಮಾಲೂರು ಹುಡುಗ:
ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಕಿಲ್ಡಾ ಅನ್ನೋ ದ್ವೀಪಗಳಿವೆ. ಕಡಲಹಕ್ಕಿ ಹಿಡಿದು ತಿಂದು ಬದುಕುತ್ತಿದ್ದ ಜನ. 1865ರಿಂದ 1889ರವರೆಗೆ ಅಲ್ಲಿ ಜಾನ್ ಮೆಕೇ ಪಾದ್ರಿಯಾಗಿದ್ದರು. ಭಾನುವಾರ ಮೂರು ಪ್ರಾರ್ಥನೆ, ಒಂದೊಂದೂ ಎರಡು ಮೂರು ಗಂಟೆ, ತಪ್ಪಿಸೋ ಹಾಗೇ ಇಲ್ಲ. ಮಕ್ಕಳು ಆಟ ಆಡಬಾರದು, ಎಲ್ಲಿ ಹೋದರೂ ಕೈಯಲ್ಲಿ ಬೈಬಲ್ ಇರಬೇಕು. ಊಟಕ್ಕೆ ತತ್ವಾರ ಆದಾಗ ಒಂದು ಶನಿವಾರ ಸಾಮಾನಿನ ಹಡಗು ಬಂದರೆ, ನಾಳೆಯ ಪ್ರಾರ್ಥನೆಗೆ ತಯಾರಾಗಿ ಅಂದರಂತೆ, ಸಾಮಾನು ಇಳಿದಿದ್ದು ಸೋಮವಾರ! ಜನ ಯಾಕೆ ಸುಮ್ನಿದ್ದರು?

ತಿಪಟೂರು ಮೇಷ್ಟ್ರು:
ಬರೀ ಹೆದರಿ ಸುಮ್ನಿದ್ದರು ಅಂತ ನನಗನ್ನಿಸಲ್ಲಪ್ಪ. 1822ರಲ್ಲೇ ಜಾನ್ ಮೆಕ್‌ಡೊನಾಲ್ಡ್ ಅನ್ನೋ ಬೋಧಕರು ಬಂದು 11 ದಿನದಲ್ಲಿ 13 ಬೋಧನೆ ಮಾಡಿದ್ದರು, ಜನ ಆಗಲೇ ಭಕ್ತಿಗೆ ಬಿದ್ದಿದ್ದರು. ಇನ್ನೊಂದು ವಿಷಯ, ಮೆಕೇ ಬಗ್ಗೆ ಬರೆದಿಟ್ಟವರು ಜಾಸ್ತಿ ಹೊರಗಿನಿಂದ ಬಂದವರು. ಮಠದ ಬಗ್ಗೆ ತಿಳಿಯಬೇಕು ಅಂದರೆ ಒಂದು ದಿನ ನೋಡಿ ಹೋದವರನ್ನಷ್ಟೇ ಕೇಳಿದರೆ ಸಾಕಾ? ಆದರೂ ಆ ಹಡಗಿನ ವಿಷಯದಲ್ಲಿ ನಾನು ಮೆಕೇ ಪರ ನಿಲ್ಲಲ್ಲ, ಹಸಿದವರನ್ನ ಕಾಯಿಸೋದು ಯಾವ ಧರ್ಮವೂ ಅಲ್ಲ. 1830ರಲ್ಲಿ ಬಂದ ನೀಲ್ ಮೆಕೆಂಜಿ ಬೇರೆ ಥರ. ಬೇಸಾಯ ಸುಧಾರಿಸಿದರು, ಹಳೇ ಗುಡಿಸಲುಗಳ ಜಾಗದಲ್ಲಿ ಹೊಸ ಊರು ಕಟ್ಟಿಸಿದರು.

ಚಿಂತಾಮಣಿ ನರ್ಸ್:
ಮೇಷ್ಟ್ರೇ, ಫಿಡಿಸ್ ಹೆಸರು ಬಿಟ್ಟುಬಿಟ್ಟಿರಲ್ಲ. ಮೆಕೇ ಆದಮೇಲೆ ಬಂದ ಆಂಗಸ್ ಫಿಡಿಸ್. ಆಗ ಅಲ್ಲಿ ಹುಟ್ಟಿದ ಕೂಸುಗಳು ಧನುರ್ವಾಯು ಬಂದು ಒಂದೆರಡು ವಾರದೊಳಗೇ ಸಾಯುತ್ತಿದ್ದವು, ಅರ್ಧಕ್ಕಿಂತ ಜಾಸ್ತಿ. ದೇವರ ಇಚ್ಛೆ ಅಂತ ಎಷ್ಟೋ ಜನ ಕೈಚೆಲ್ಲಿದ್ದರು. ಇವರು ಗ್ಲಾಸ್ಗೋಗೆ ಹೋಗಿ ಹೆರಿಗೆ ಶುಚಿಯಾಗಿ ಮಾಡೋದು, ಹೊಕ್ಕುಳಬಳ್ಳಿಗೆ ಸೋಂಕು ತಗಲದ ಹಾಗೆ ನೋಡಿಕೊಳ್ಳೋದು ಕಲಿತು ಬಂದರು. ಸೂಲಗಿತ್ತಿಯರು ಸುಲಭಕ್ಕೆ ಒಪ್ಪಲಿಲ್ಲ. 1890ರ ದಶಕದಲ್ಲಿ ಆ ಸಾವು ನಿಂತಿತು. ನಮ್ಮ ಕಡೆ ಹಳ್ಳಿಗಳಲ್ಲೂ ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚುತ್ತಿದ್ದರಲ್ವಾ, ಅದೇ ಕಥೆ. ನನಗಂತೂ ಆ ದ್ವೀಪದ ದೊಡ್ಡ ಪಾದ್ರಿ ಇವರೇ.

ಕೆಜಿಎಫ್ ರಾಜ:
ಪಾದ್ರಿಯಲ್ಲದ ಒಬ್ಬ ಕಿಲಾಡಿಯೂ ಇದ್ದ, 1690ರ ದಶಕದ ರೋಡರಿಕ್. ಓದು ಬರಹ ಬರಲ್ಲ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸಂತ, ಸ್ನಾನಿಕ ಯೋಹಾನನೇ ನನಗೆ ದರ್ಶನ ಕೊಟ್ಟ ಅಂತ ಹೇಳಿ, ಒಂದು ಜಾಗ ಪವಿತ್ರ, ಅಲ್ಲಿ ಕುರಿ ಹಸು ಮೇಯ್ದರೆ ಕೊಯ್ಯಬೇಕು ಅಂತ ಕಾನೂನು ಮಾಡಿದ. ಆ ಬಾಡೂಟಕ್ಕೆ ಅವನನ್ನೂ ಕರೀಬೇಕು! ಹೆಂಗಸರಿಗೂ ಮೋಸ ಮಾಡಿದ. ಕೊನೆಗೆ ಅವನನ್ನ ದ್ವೀಪದಿಂದ ಹೊರಗೆ ಸಾಗಿಸಿದರು.

ಮಾಲೂರು ಹುಡುಗ:
ರಾಜಣ್ಣ, ಇವನ ಮುಂದೆ ಮೆಕೇ ಎಷ್ಟೋ ವಾಸಿ. ಫಿಡಿಸ್ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಮೇಡಂ.